ಬಾಕಿ

ಚಿಲ್ವಾ ಸರೋವರದ ನಡುವೆ ಜೊಂಡು ಮುರಿದು ಹಾಸಿ
ಅದರ ಮೇಲೊಂದು ಹುಲ್ಲಿನ ಗುಡಿಸಲು, ನಮ್ಮದು.
ನೀರು ತೂಗಿದರೆ ಮನೆಯೂ ತೂಗುತ್ತದೆ.
ಮೂರು ತಿಂಗಳಿಂದ ನಾನು, ಅಕೀಮು, ಏಳು ಬಲೆ.
ಎರಡು ವಾರದಿಂದ ನಮ್ಮಿಬ್ಬರಲ್ಲಿ ಮಾತಿಲ್ಲ.
ಒಂದು ಬುಟ್ಟಿ ಮತೇಂಬಾ ಮೀನು ನಾನು ಕದ್ದೆ ಅಂದ.
ಕದ್ದಿದ್ದೆ, ಅದು ಬೇರೆ ಮಾತು.

ನಡುರಾತ್ರಿ ಅವನ ಹೊಟ್ಟೆ ಕಳಚಿತು.
ಅಕ್ಕಿ ತೊಳೆದ ನೀರಿನಂಥದ್ದು, ಒಂದರ ಹಿಂದೊಂದು,
ನಡುವೆ ಎದೆ ಕಿತ್ತು ಬರುವಂಥ ವಾಂತಿ.
ಹತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ.
ಬೆಳಕು ಹರಿಯುವಾಗ ಕಣ್ಣು ಗುಳಿಬಿದ್ದಿತ್ತು,
ಬೆರಳ ತುದಿ ದಿನವಿಡೀ ಬಟ್ಟೆ ಒಗೆದವರದರಂತೆ ಸುಕ್ಕು.
ಹೊಟ್ಟೆಯ ಚರ್ಮ ಚಿವುಟಿ ಬಿಟ್ಟೆ:
ಗುಡಾರದ ಹಾಗೆ ನಿಂತೇ ಇತ್ತು,
ಇಳಿಯಲು ಮನಸ್ಸಿಲ್ಲದ ಹಾಗೆ.

ಕಚೂಲು ದಡದಲ್ಲಿ ನಸೀಬೆಕೊ ಎರಡು ಪೊಟ್ಟಣ ಕೊಟ್ಟು
ಹೇಳಿದ್ದಳು, ನಾನು ನಕ್ಕಿದ್ದೆ:
ಒಂದು ಪೊಟ್ಟಣಕ್ಕೆ ಒಂದು ಲೀಟರ್, ಹೆಚ್ಚಿಲ್ಲ ಕಡಿಮೆಯಿಲ್ಲ.
ಕಕ್ಕಿದನೇ? ಹತ್ತು ನಿಮಿಷ ಸುಮ್ಮನಿರು.
ಆಮೇಲೆ ಮತ್ತೆ ಕೊಡು, ಇನ್ನೂ ನಿಧಾನ.

ಈ ಕೆರೆಯೇ ತಂದ ರೋಗ. ಇದೇ ಕೆರೆಯನ್ನೇ
ಅವನಿಗೆ ಕುಡಿಸಬೇಕು, ಕುದಿಸಿ.
ಜೊಂಡು ಹಸಿ. ಹೊಗೆ ಮಾತ್ರ.
ಹಾಸಿಗೆಯಡಿ ಬಚ್ಚಿಟ್ಟಿದ್ದ ಬುಟ್ಟಿ ಎಳೆದು
ಮುರಿದು ಒಲೆಗಿಟ್ಟೆ.
ಚೆನ್ನಾಗಿ ಉರಿಯಿತು, ಮೀನು ವಾಸನೆ.
ಅವನು ಮಲಗಿದಲ್ಲಿಂದ ಅದನ್ನೇ ನೋಡುತ್ತಿದ್ದ.

ಮೊದಲ ಚಮಚ ಹೊರಬಂತು.
ಹತ್ತು ನಿಮಿಷ ಅಂದರೆ ಎಷ್ಟು? ಗಡಿಯಾರ ಯಾರ ಬಳಿ ಇದೆ?
ಬಲೆಯ ಕಣ್ಣು ಎಣಿಸಿದೆ, ಆರುನೂರು.
ಮತ್ತೊಂದು ಚಮಚ. ಅದು ಒಳಗುಳಿಯಿತು.
ಇನ್ನೊಂದು.
ಲೋಟ ಕಸಿಯಲು ಬಂದ, ಬಿಡಲಿಲ್ಲ;
ಒಮ್ಮೆಲೇ ಇಳಿದದ್ದು ಒಮ್ಮೆಲೇ ಏರುತ್ತದೆ.

ಎರಡನೇ ಪೊಟ್ಟಣ? ಅದನ್ನು ನಾನು
ಹೊಗೆಸೊಪ್ಪಿಗೆ ಮಾರಿಕೊಂಡಿದ್ದೆ.
ಹಾಗಾಗಿ ಸಕ್ಕರೆ ಆರು ಚಮಚ, ಬಾಯಿ ಸವರಿ,
ಉಪ್ಪು ಅರ್ಧ, ಕುದಿಸಿ ಆರಿಸಿದ ನೀರು
ಅಡುಗೆಯೆಣ್ಣೆಯ ಲೀಟರ್ ಬಾಟಲಿಯ ಕತ್ತಿನವರೆಗೆ.
ನಾಲಗೆಗೆ ಹಚ್ಚಿ ನೋಡು, ಅಂದಿದ್ದಳು,
ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲು.
ಹೋಲಿಸಿ ನೋಡಲು ಕಣ್ಣೀರು
ಆ ಹೊತ್ತಿಗೆ ನನ್ನ ಬಾಯಲ್ಲೇ ಇತ್ತು.

ದೋಣಿಯಲ್ಲಿ ಮಲಗಿಸಿ ಜೊಂಡಿನ ಓಣಿ ಹಿಡಿದೆ.
ಹತ್ತು ಸಲ ಗಳ ಊರುವುದು, ನಿಲ್ಲಿಸುವುದು,
ತುಟಿ ಬಿಡಿಸುವುದು, ಒಂದು ಚಮಚ.
ಹಿಂದೆ ಕೊಕ್ಕರೆಗಳು, ಮುಂದೆ ಬಿಸಿಲು.
ದಡ ಎಲ್ಲಿಯೂ ಇಲ್ಲ, ಹತ್ತು ಸಲ ಗಳ, ಒಂದು ಚಮಚ.
ಒಮ್ಮೆ ಅವನು ನಿದ್ದೆಗೆ ಜಾರಿದ,
ಕೆನ್ನೆಗೆ ಬಾರಿಸಿದೆ.
ಎರಡು ವಾರದ ಸಿಟ್ಟೂ ಸ್ವಲ್ಪ ಅದರಲ್ಲಿತ್ತು.

ಕಚೂಲಿನಲ್ಲಿ ತೂತಿನ ಮಂಚ, ಕೆಳಗೆ ಬಕೆಟ್ಟು.
ನಸೀಬೆಕೊ ಎರಡೂ ತೋಳಿಗೆ ಸೂಜಿ ಹಾಕಿಸಿದಳು.
ದಾರಿಯಲ್ಲಿ ಎಷ್ಟು ಕುಡಿಸಿದೆ, ಕೇಳಿದಳು.
ಬಾಟಲಿ ಎತ್ತಿ ತೋರಿಸಿದೆ, ತಳದಲ್ಲಿ ನಾಲ್ಕು ಬೆರಳು ಉಳಿದಿತ್ತು.
ಅವಳು ಹೊಗಳಲಿಲ್ಲ.
ಎಚ್ಚರ ಬಂದರೆ ಇದನ್ನೂ ಕೊಡು, ಅಂದಳು,
ಮೊದಲು ಕೈ ತೊಳೆದುಕೋ.

ಸಂಜೆ ಅಕೀಮು ಕಣ್ಣು ಬಿಟ್ಟ.
ಎರಡು ವಾರದ ನಂತರ ಮೊದಲ ಮಾತು:
ಉಚ್ಚೆ ಬರ್ತಿದೆ.

ವಾರ್ಡಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ ನಾನು,
ಮಗ ಹುಟ್ಟಿದಾಗಲೂ ಹಾಗೆ ಕೂಗಿರಲಿಲ್ಲ.
ಡಬ್ಬಿ ಹಿಡಿದು ನಿಂತೆ.
ಕಡು ಹಳದಿ, ಕಾಲು ಲೋಟವೂ ಇಲ್ಲ,
ತಗಡಿನ ಮೇಲೆ ಆ ಸಣ್ಣ ಸದ್ದು.

ಡಬ್ಬಿಯ ಆಚೆಯಿಂದ ಅವನು ಕೇಳಿದ:
ಬುಟ್ಟಿ ಸುಟ್ಟೆ, ಸರಿ.
ಅದರಲ್ಲಿದ್ದ ಮೀನು?